ಬಣ್ಣದ ಚುಕ್ಕೆ ಯೋಚನೆಯ ಫೋಟೊ ಅಲ್ಲ

ಪ್ರಿಯರೆ,

ಡೊಂಬಿವಲಿಯಿಂದ ನೀವು ಕಳಿಸಿದ ‘ಮೆದುಳೆಂಬ ವಿಸ್ಮಯ’ ಲೇಖನವನ್ನು ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯವನ್ನು ಬಿಡಬೇಡಿ. ಮನೆಯವರ ಸ್ಕ್ಯಾನ್ ವರದಿ ಹಿಡಿದು ಕಂಗಾಲಾಗುವ ಕನ್ನಡಿಗರು ಮುಂಬಯಿಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳುವವರು ಬೇಕು.

ಮೊದಲ ಪುಟದಲ್ಲಿ ಸಂವೇದನೆ, ಗ್ರಹಿಕೆ ಎರಡನ್ನೂ ಬೆರೆಸಿಬಿಟ್ಟಿದ್ದೀರಿ. ಒಳಕಿವಿಯ ರೋಮಕೋಶಗಳು ಕಂಪನವನ್ನು ನರಸಂಕೇತವಾಗಿ ಬದಲಿಸುವುದು ಸಂವೇದನೆ. ಆ ಸಂಕೇತಕ್ಕೆ ಅರ್ಥ ಕಟ್ಟುವುದು ಗ್ರಹಿಕೆ. ಊರಿಂದ ಆಗಷ್ಟೇ ಬಂದವನಿಗೆ ಲೋಕಲ್ ರೈಲಿನ ‘ಪುಢೀಲ್ ಸ್ಟೇಷನ್ ದಾದರ್’ (ಮುಂದಿನ ನಿಲ್ದಾಣ ದಾದರ್) ಒಂದೇ ಉಸಿರಿನ ಗದ್ದಲ. ಮರಾಠಿ ಅಭ್ಯಾಸವಾದ ಮೇಲೆ ಅದೇ ದನಿ ಬಿಡಿಬಿಡಿ ಪದಗಳಾಗಿ ಕೇಳುತ್ತದೆ. ಮಾತಿನ ಅಲೆಯಲ್ಲಿ ಪದಪದದ ನಡುವೆ ಮೌನವಿರುವುದಿಲ್ಲ, ಆ ಗೆರೆ ಎಳೆಯುವುದು ಮೆದುಳು. ಇಂಥದ್ದು ದಿನಾ ಕಿವಿಗೆ ಬೀಳುವಾಗ ‘ಕಣ್ಣೊಂದು ಕ್ಯಾಮೆರಾ’ ಎಂಬ ಹೋಲಿಕೆ ಯಾಕೆ? ಅದು ತಪ್ಪು ಕೂಡ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು 12 ಕೋಟಿಯ ಆಸುಪಾಸು, ಅಲ್ಲಿಂದ ಮೆದುಳಿಗೆ ಹೋಗುವ ನರತಂತುಗಳು ಸುಮಾರು 10 ಲಕ್ಷ. ಸೋಸುವ ಕೆಲಸ ಕಣ್ಣಿನಲ್ಲೇ ಶುರುವಾಗುತ್ತದೆ.

ವ್ಯತ್ಯಾಸ ಗೊತ್ತಾಗಲು ಬೇಕಾದ ಬದಲಾವಣೆ ಮೂಲದ ಪ್ರಮಾಣಕ್ಕೆ ತಕ್ಕಂತೆ ಹೆಚ್ಚುತ್ತದೆ ಎನ್ನುವ ವೆಬರ್ ನಿಯಮದ ಭಾಗ ಚೆನ್ನಾಗಿದೆ, ಮುಟ್ಟಬೇಡಿ.

ನಿಜವಾದ ತೊಂದರೆ ‘ಎಫ್‌ಎಂಆರ್‌ಐ ನಮ್ಮ ಯೋಚನೆಗಳನ್ನು ತೋರಿಸುತ್ತದೆ’ ಎಂಬ ವಾಕ್ಯದಲ್ಲಿದೆ. ಮೆದುಳಿನ ಚಟುವಟಿಕೆ ನೋಡಲು ಬಳಸುವ ಈ ಸ್ಕ್ಯಾನ್ ಅಳೆಯುವುದು ರಕ್ತವನ್ನು. ನರಕೋಶಗಳು ಚುರುಕಾದ ಜಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಆಮ್ಲಜನಕ ಹೊತ್ತ ರಕ್ತ ನುಗ್ಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅದನ್ನು ಕಳೆದುಕೊಂಡಾಗ ಯಂತ್ರದ ಅಯಸ್ಕಾಂತ ಕ್ಷೇತ್ರವನ್ನು ಕದಡುವಂಥದ್ದು. ಅದರ ಪಾಲು ಇಳಿದಾಗ ಸಂಕೇತ ತುಸು ಏರುತ್ತದೆ. ಜಪಾನಿನ ವಿಜ್ಞಾನಿ ಸೆಯಿಜಿ ಒಗಾವ ಇದನ್ನು ತೋರಿಸಿದ್ದು 1990ರಲ್ಲಿ. ಏರಿಕೆ ಸಾಮಾನ್ಯವಾಗಿ ಶೇ. 1-2, ಅದೂ ಘಟನೆಯಾಗಿ 5-6 ಸೆಕೆಂಡಿಗೆ ಶಿಖರ ಮುಟ್ಟುತ್ತದೆ. ಯಂತ್ರ ಮೆದುಳನ್ನು ಪುಟ್ಟ ಘನ ಚೌಕಗಳಾಗಿ ವಿಂಗಡಿಸಿ ನೋಡುತ್ತದೆ. ಬದಿ 3 ಮಿ.ಮೀ. ಇರುವ ಅಂಥ ಒಂದು ಚೌಕದಲ್ಲೇ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಕೆಂಪು-ಹಳದಿ ಬಣ್ಣವಂತೂ ಲೆಕ್ಕಾಚಾರದ ಫಲ: ಎರಡು ಸ್ಥಿತಿಗಳ ವ್ಯತ್ಯಾಸ ಒಂದು ಮಿತಿ ದಾಟಿದ ಕಡೆ ಬಣ್ಣ ತುಂಬುತ್ತಾರೆ. ಒಂದು ಲಕ್ಷ ಚೌಕಗಳನ್ನು ಶೇ. 5ರ ಮಿತಿಯಲ್ಲಿ, ಅಂದರೆ ಆಕಸ್ಮಿಕ ತಪ್ಪಿಗೆ ನೂರಕ್ಕೆ ಐದರಷ್ಟು ಅವಕಾಶ ಬಿಟ್ಟು ಪರೀಕ್ಷಿಸಿದರೆ, ಏನೂ ನಡೆಯದಿದ್ದರೂ ಸುಮಾರು 5,000 ಚೌಕ ಹೊಳೆಯುತ್ತವೆ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೊ ‘ತೋರಿಸಿ’, ಇಷ್ಟೊಂದು ಪರೀಕ್ಷೆಗಳಿಗೆ ತಕ್ಕಂತೆ ಲೆಕ್ಕದಲ್ಲಿ ತಿದ್ದುಪಡಿ ಮಾಡದಿದ್ದರೆ ಮೀನಿನ ಮೆದುಳೂ ಹೊಳೆಯುತ್ತದೆಂದು ಸಾಬೀತು ಮಾಡಿದರು. ಈ ಪ್ರಸಂಗ ನಿಮ್ಮ ಲೇಖನದಲ್ಲಿ ಇರಲೇಬೇಕು.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಗೆ ಎರಡು ಸಾಲು ಸಾಕು. ನೆತ್ತಿಯ ಮೇಲಿನ ಮೈಕ್ರೊವೋಲ್ಟ್‌ಗಳನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಡಿಯುತ್ತದೆ. ತಲೆಬುರುಡೆ ಸಂಕೇತವನ್ನು ಹರಡಿಬಿಡುವುದರಿಂದ ಎಲ್ಲಿಂದ ಬಂತೆಂಬುದು ಮಸುಕು.

ಮೈಗೆ ವಿಕಿರಣಶೀಲ ವಸ್ತು ಸೇರಿಸಿ ಅದು ಎಲ್ಲಿ ಸೇರುತ್ತದೆಂದು ನೋಡುವ ಪೆಟ್ ಸ್ಕ್ಯಾನ್ ಬಗ್ಗೆ ನೀವು ‘ವಿಕಿರಣ ಬಳಸುತ್ತಾರೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಆ ವಸ್ತುವಿನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ ಹೇಳಿ. ಆಮ್ಲಜನಕ-15ಕ್ಕೆ ಸುಮಾರು 2 ನಿಮಿಷ. ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಸ್ಕ್ಯಾನರ್ ಪಕ್ಕದಲ್ಲೇ ಬೇಕು. ಫ್ಲೋರಿನ್-18ಕ್ಕೆ 110 ನಿಮಿಷ. ಮುಂಬಯಿಯಿಂದ ಪುಣೆಗೆ ಒಯ್ಯಲು ಮೂರು ಗಂಟೆ ಹಿಡಿದರೆ ಉಳಿಯುವುದು ಮೂರನೇ ಒಂದು ಪಾಲಿನಷ್ಟು. ಆದ್ದರಿಂದ ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಹೆಚ್ಚು ತುಂಬಿ ಕಳಿಸಬೇಕಾಗುತ್ತದೆ.

‘ನಾವು ಮೆದುಳಿನ ಶೇ. 10 ಮಾತ್ರ ಬಳಸುತ್ತೇವೆ’ ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಅದು ಸುಳ್ಳು.

ಮರುಬರಹದಲ್ಲಿ ಪ್ರತಿ ಯಂತ್ರದ ಹೆಸರು ಬಂದ ಕೂಡಲೇ ಅದು ಏನನ್ನು ಅಳೆಯುತ್ತದೆ, ಎಷ್ಟು ಬೇಗ, ಎಷ್ಟು ಸೂಕ್ಷ್ಮವಾಗಿ ಎಂಬುದನ್ನು ಬರೆಯಿರಿ. 900 ಪದ ಮೀರದಿರಲಿ. ಚಿತ್ರ ಕಳಿಸುವುದಾದರೆ ಯಾವ ಎರಡು ಸ್ಥಿತಿಗಳ ಹೋಲಿಕೆ ಎಂಬುದು ಅಡಿಬರಹದಲ್ಲಿ ಇರಬೇಕು.

ಇಂತು,
ಸಂಪಾದಕ ಬಳಗ