ಕುಡಿತದಿಂದ ಸಮಾಜಕ್ಕಾಗುವ ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕುವುದು ಹೇಗೆ?
ಆಸ್ಪತ್ರೆ ಬಿಲ್ಲುಗಳನ್ನು ಕೂಡಿಸಿದರೆ ಸಾಲದು. ಮೊದಲು ಪ್ರತಿ ಕಾಯಿಲೆಯಲ್ಲಿ ಕುಡಿತದ ಪಾಲೆಷ್ಟು ಎಂದು ತೆಗೆಯಬೇಕು. ಜನರಲ್ಲಿ 30% ಕುಡಿಯುವವರು, ಅವರಿಗೆ ಲಿವರ್ ಸಿರೋಸಿಸ್ ಅಪಾಯ 3 ಪಟ್ಟು ಎಂದುಕೊಳ್ಳಿ: ಕುಡಿಯದವರ ಅಪಾಯ 1 ಎಂದಿಟ್ಟರೆ, ಕುಡಿತದಿಂದ ಸೇರುವ ಅಪಾಯ 0.3×(3−1)=0.6; ಒಟ್ಟು 1+0.6=1.6; ಕುಡಿತದ ಪಾಲು 0.6÷1.6=0.375. ಅಂದರೆ ಸಿರೋಸಿಸ್ ಚಿಕಿತ್ಸೆಯ ವೆಚ್ಚದಲ್ಲಿ 37.5% ಮಾತ್ರ ಮದ್ಯದ ಖಾತೆಗೆ. ಅಪಘಾತ, ಪೊಲೀಸ್, ಕೋರ್ಟು, ಜೈಲಿನ ಖರ್ಚನ್ನೂ ಸೇರಿಸಿ.

ದೊಡ್ಡ ಮೊತ್ತ ಅಡಗಿರುವುದು ಕೈತಪ್ಪಿದ ದುಡಿಮೆಯಲ್ಲಿ. ಅಮೆರಿಕದಲ್ಲಿ ಅತಿಯಾದ ಕುಡಿತದಿಂದ 2010ರಲ್ಲಿ ಆದ ನಷ್ಟ 24,900 ಕೋಟಿ ಡಾಲರ್ ಎಂದು ಅಂದಾಜಿಸಿದರು. ಅದರ ಸುಮಾರು 72% ಇದೇ. ಈ ಲೆಕ್ಕದಲ್ಲಿ ಮನೆಗೆಲಸಕ್ಕೆ ಸೊನ್ನೆ ಬೆಲೆ ಕಟ್ಟುವುದು ತಪ್ಪು.

ಅಬಕಾರಿ ಆದಾಯವನ್ನು ನಷ್ಟದಿಂದ ಕಳೆಯಬೇಡಿ. ಅದು ಕುಡಿಯುವವನ ಜೇಬಿನಿಂದ ಖಜಾನೆಗೆ ದಾಟಿದ ಹಣ, ಹೊಸದಾಗಿ ಹುಟ್ಟಿದ್ದಲ್ಲ.