ದೊಡ್ಡಮ್ಮನ ಉಳಿತಾಯ ಕರಗಿದ್ದು ಮೆಡಿಕೇಡ್ ನಿಯಮದಿಂದಲೋ, ಗಾರ್ಡಿಯನ್‌ನ ಮೋಸದಿಂದಲೋ?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿರುವ ನಿಮ್ಮ ದೊಡ್ಡಮ್ಮನಿಗೆ 81 ವರ್ಷ, ಮರೆವಿನ ಕಾಯಿಲೆ, ಮಕ್ಕಳಿಲ್ಲ. ಕೋರ್ಟ್ ನೇಮಿಸಿದ ಗಾರ್ಡಿಯನ್ ಒಬ್ಬರು ಅವರ ಹಣಕಾಸು ನೋಡಿಕೊಳ್ಳುತ್ತಿದ್ದಾರೆ. ಎರಡೇ ವರ್ಷದಲ್ಲಿ ಉಳಿತಾಯವೆಲ್ಲ ಮುಗಿದಿದೆ. ವಿಚಾರಿಸಿದರೆ, ‘ಮೆಡಿಕೇಡ್ ಸಿಗಬೇಕಾದರೆ ಖಾತೆ ಖಾಲಿಯಾಗಲೇಬೇಕು’ ಎನ್ನುತ್ತಾರೆ. ಮೆಡಿಕೇಡ್ ಎಂದರೆ ಬಡವರ ಆರೋಗ್ಯದ ಖರ್ಚಿಗೆ ಇರುವ ಸರ್ಕಾರಿ ಯೋಜನೆ. ಒಬಾಮಾಕೇರ್, ಅಂದರೆ 2010ರ ಆರೋಗ್ಯ ವಿಮಾ ಸುಧಾರಣೆಯ ಕಾಯ್ದೆ, ಬಂದು ಇಷ್ಟು ವರ್ಷಗಳಾದ ಮೇಲೂ ಇದು ನಿಜವೇ ಎಂಬುದು ನಿಮ್ಮ ಅನುಮಾನ.

ನಾನು ಅಮೆರಿಕದಲ್ಲೇ, ವೃದ್ಧರು ಉಳಿದುಕೊಂಡು ಆರೈಕೆ ಪಡೆಯುವ ಒಂದು ನರ್ಸಿಂಗ್ ಹೋಮ್‌ನ ಬಿಲ್ಲಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಗಾರ್ಡಿಯನ್ ಹೇಳಿದ ನಿಯಮ ನಿಜ. ಆದರೆ ಕಳ್ಳತನ ಅಡಗಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಖಾತೆ ಖಾಲಿಯಾಗುವುದೇ ನಿಯಮವಾಗಿರುವಾಗ, ಖಾಲಿ ಖಾತೆ ಕಂಡು ಯಾರೂ ಬೆಚ್ಚಿಬೀಳುವುದಿಲ್ಲ.

ಮೊದಲು ನಿಯಮವನ್ನು ನೋಡೋಣ. 65 ದಾಟಿದವರಿಗಾಗಿ 1965ರಲ್ಲಿ ಕಾನೂನಾದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಆಸ್ಪತ್ರೆ, ವೈದ್ಯರ ಖರ್ಚನ್ನು ನೋಡಿಕೊಳ್ಳುತ್ತದೆ. ನರ್ಸಿಂಗ್ ಹೋಮ್ ವಾಸಕ್ಕೆ ಅದು ಹಣ ಕೊಡುವುದು ಆಸ್ಪತ್ರೆಯಿಂದ ಬಂದ ನಂತರದ ಚಿಕಿತ್ಸೆಗೆ ಮಾತ್ರ, ಅದೂ ಹೆಚ್ಚೆಂದರೆ 100 ದಿನ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ತೊಡಿಸುವುದು ಎಂಬ ದಿನನಿತ್ಯದ ಆರೈಕೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಮರೆವಿನ ಕಾಯಿಲೆಯವರಿಗೆ ವರ್ಷಗಟ್ಟಲೆ ಬೇಕಾಗುವುದು ಅದೇ ಆರೈಕೆ. ಅದಕ್ಕೆ ಹಣ ಕೊಡುವುದು ಬಡವರಿಗಾಗಿ ಇರುವ ಮೆಡಿಕೇಡ್. ಹಲವು ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಇದ್ದರೆ ಅದು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ಈ ಮಿತಿಯನ್ನು 2024ರಲ್ಲಿ ತೆಗೆದುಹಾಕಿತ್ತು. 2026ರಿಂದ 1,30,000 ಡಾಲರ್ ಎಂದು ಮತ್ತೆ ತಂದಿದೆ.

2010ರ ಸುಧಾರಣೆಯಿಂದ ಲಾಭವಾಗಿದ್ದು ಹೆಚ್ಚಾಗಿ 65ರೊಳಗಿನವರಿಗೆ. ಅವರ ಮೆಡಿಕೇಡ್‌ಗೆ ಆಸ್ತಿ ಎಷ್ಟಿದೆ ಎಂದು ಕೇಳುವುದನ್ನೇ ಆ ಕಾಯ್ದೆ ಬಿಟ್ಟಿತು. ವೃದ್ಧರಿಗೆ ಮಾತ್ರ ಆ ಪ್ರಶ್ನೆ ಹಾಗೆಯೇ ಉಳಿಯಿತು. ದೀರ್ಘಕಾಲದ ಆರೈಕೆಗೆಂದು ಅದರಲ್ಲಿ ಸೇರಿಸಿದ್ದ ವಿಮಾ ಯೋಜನೆ ಆರಂಭವಾಗುವ ಮೊದಲೇ, 2013ರ ಜನವರಿಯಲ್ಲಿ ರದ್ದಾಯಿತು. ಹಿರಿಯರ ಶೋಷಣೆ ತಡೆಯಲು ರೂಪಿಸಿದ ಎಲ್ಡರ್ ಜಸ್ಟಿಸ್ ಆಕ್ಟ್ ಕೂಡ ಅದೇ ಕಾಯ್ದೆಯ ಭಾಗ. ಅದಕ್ಕೆ ಒಪ್ಪಿಗೆ ಸಿಕ್ಕಿತು, ಆದರೆ ಬೇಕಾದಷ್ಟು ಹಣ ವರ್ಷಗಟ್ಟಲೆ ಬರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದೇ 2010ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ, ಗಾರ್ಡಿಯನ್‌ಗಳ 20 ಪ್ರಕರಣಗಳನ್ನು ಆರಿಸಿ ಪರಿಶೀಲಿಸಿತ್ತು. ಆ ಇಪ್ಪತ್ತರಲ್ಲೇ 158 ಅಸಹಾಯಕರಿಂದ 54 ಲಕ್ಷ ಡಾಲರ್ ಲಪಟಾಯಿಸಲಾಗಿತ್ತು.

ಹಾಗಾದರೆ ನ್ಯಾಯವಾದ ಖರ್ಚನ್ನು ಗುರುತಿಸುವುದು ಹೇಗೆ? ಮಿತಿಗೆ ಇಳಿಸಲು ಮಾಡುವ ಖರ್ಚು ನಿಮ್ಮ ದೊಡ್ಡಮ್ಮನ ಸಲುವಾಗಿಯೇ ಆಗಿರಬೇಕು. ನರ್ಸಿಂಗ್ ಹೋಮ್‌ನ ಶುಲ್ಕ, ಹಳೆಯ ವೈದ್ಯಕೀಯ ಬಾಕಿ, ಮೆಡಿಕೇರ್ ಸಾಮಾನ್ಯವಾಗಿ ಕೊಡದ ಹಲ್ಲಿನ ಸೆಟ್ಟು, ಶ್ರವಣ ಸಾಧನ, ಅಂತ್ಯಕ್ರಿಯೆಗೆ ಮುಂಗಡ, ಇಂಥವು. ಹಣ ಹೀಗೆ ಹೋಗಿದ್ದರೆ ಅದರ ಗುರುತು ಅವರ ಕೋಣೆಯಲ್ಲಿ, ಅವರ ಮೈಮೇಲೆ ಕಾಣಬೇಕು. ನಾನು ಕಂಡ ಒಬ್ಬ ಅಜ್ಜಿಯ ಲೆಕ್ಕದಲ್ಲಿ ಪ್ರತಿ ತಿಂಗಳೂ ‘ಬಟ್ಟೆ’ ಎಂದು ಬರೆದಿರುತ್ತಿತ್ತು. ಅವರ ಬೀರುವಿನಲ್ಲಿ ಇದ್ದದ್ದು ಬಣ್ಣ ಮಾಸಿದ ಎರಡು ನೈಟಿ. ಬಟ್ಟೆ ಒಗೆಯುವ ಹೆಂಗಸು ಅದನ್ನು ಗಮನಿಸಿ ನನಗೆ ಹೇಳದಿದ್ದರೆ ಕಡತ ಸರಿಯಾಗಿಯೇ ಇದೆ ಎಂದುಕೊಂಡು ನಾನೂ ಸುಮ್ಮನಿರುತ್ತಿದ್ದೆ. ನಾವು ದೂರು ಕೊಟ್ಟೆವು. ಕೋರ್ಟ್ ರಸೀದಿ ಕೇಳಿತು. ರಸೀದಿ ಇರಲಿಲ್ಲ, ಗಾರ್ಡಿಯನ್ ಬದಲಾದರು, ಹೋದ ಹಣ ಮಾತ್ರ ಮರಳಲಿಲ್ಲ.

ಗಾರ್ಡಿಯನ್‌ನ ಸಂಭಾವನೆಯನ್ನೂ ದೊಡ್ಡಮ್ಮನ ಹಣದಿಂದಲೇ ಕೊಡಲಾಗುತ್ತದೆ. ಅದು ಕಾನೂನಿಗೆ ಒಪ್ಪಿಗೆ. ಆದರೆ ಗಂಟೆಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಓದಿ. ಲಾಸ್ ವೇಗಸ್‌ನಲ್ಲಿ ವೃತ್ತಿಪರ ಗಾರ್ಡಿಯನ್ ಆಗಿದ್ದ ಏಪ್ರಿಲ್ ಪಾರ್ಕ್ಸ್ ಮೇಲಿನ ಆರೋಪಗಳಲ್ಲಿ, ಒಂದೇ ಓಡಾಟಕ್ಕೆ ಹಲವು ವೃದ್ಧರ ಖಾತೆಗಳಿಂದ ಬಿಲ್ ಪಡೆದದ್ದೂ ಸೇರಿತ್ತು. 2019ರಲ್ಲಿ ಆಕೆಗೆ 16ರಿಂದ 40 ವರ್ಷಗಳ ಜೈಲು ಶಿಕ್ಷೆಯಾಯಿತು.

ಇನ್ನೊಂದು ಅಪಾಯವನ್ನೂ ತಿಳಿದಿರಿ. ಮೆಡಿಕೇಡ್ ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ವಹಿವಾಟನ್ನು ಕೆದಕುತ್ತದೆ. ಸರಿಯಾದ ಬೆಲೆ ಇಲ್ಲದೆ ಮನೆ ಅಥವಾ ಹಣ ಬೇರೆಯವರಿಗೆ ಹೋಗಿದ್ದರೆ ಕೆಲವು ತಿಂಗಳು ಸೌಲಭ್ಯ ತಡೆಹಿಡಿಯುತ್ತದೆ. ಕದ್ದವರು ಯಾರೋ, ಶಿಕ್ಷೆ ಅನುಭವಿಸುವವರು ದೊಡ್ಡಮ್ಮ. ಶೋಷಣೆಯಿಂದ ಹಾಗಾಯಿತೆಂದು ತೋರಿಸಿ ವಿನಾಯಿತಿ ಕೇಳಬಹುದು, ಆದ್ದರಿಂದ ದೂರು ಬರಹದಲ್ಲಿರಲಿ.

ಗಾರ್ಡಿಯನ್ ಜೊತೆ ವಾದಕ್ಕಿಳಿಯಬೇಡಿ. ಅವರನ್ನು ನೇಮಿಸಿದ ಕೋರ್ಟಿನ ಕಚೇರಿಗೆ ಬರೆದು, ಪ್ರಕರಣದ ಸಂಖ್ಯೆಯೊಂದಿಗೆ ಆರಂಭದ ಆಸ್ತಿ ಪಟ್ಟಿಯನ್ನೂ ವಾರ್ಷಿಕ ಲೆಕ್ಕಪತ್ರವನ್ನೂ ಕೇಳಿ. ದಾಖಲೆಗೆ ನಿರ್ಬಂಧವಿದ್ದರೆ ಅಲ್ಲಿನ ವಕೀಲರ ಮೂಲಕ, ಹತ್ತಿರದ ಬಂಧು ಎಂದು ಅರ್ಜಿ ಹಾಕಬಹುದು. ಪ್ರತಿ ರಾಜ್ಯದಲ್ಲೂ ನರ್ಸಿಂಗ್ ಹೋಮ್ ನಿವಾಸಿಗಳ ಪರವಾಗಿ ದೂರು ವಿಚಾರಿಸುವ ಓಂಬುಡ್ಸ್‌ಮನ್ ಇರುತ್ತಾರೆ. ಅವರಿಗೆ ದೂರು ಕೊಡಲು ಹಣ ಬೇಕಿಲ್ಲ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ಬೇರೆಯಾಗಿ ವಿಚಾರಿಸಿ, ಏಕೆಂದರೆ ಗಾರ್ಡಿಯನ್ ಆದ ಮಾತ್ರಕ್ಕೆ ಅದನ್ನು ಪಡೆಯುವ ಅಧಿಕಾರ ಬರುವುದಿಲ್ಲ, ಆ ಇಲಾಖೆಯೇ ಪ್ರತ್ಯೇಕವಾಗಿ ನೇಮಿಸಬೇಕು.

ಸಾಧ್ಯವಾದರೆ ಈ ವಾರವೇ ವೀಡಿಯೊ ಕರೆ ಮಾಡಿ. ದೊಡ್ಡಮ್ಮನಿಗೆ ನಿಮ್ಮ ಗುರುತು ಸಿಗದಿದ್ದರೂ ಪರವಾಗಿಲ್ಲ. ಮಾತನಾಡುತ್ತಾ ಬೀರು ತೆರೆದು ತೋರಿಸಲು ಅಲ್ಲಿನ ಸಹಾಯಕಿಯನ್ನು ಕೇಳಿ.