ತೊಡೆ ಮೂಳೆ ಮುರಿತಕ್ಕೆ ಸ್ಟೀಲ್ ಪ್ಲೇಟ್ ಒಳ್ಳೆಯದೋ, ಟೈಟಾನಿಯಂ ಪ್ಲೇಟ್ ಒಳ್ಳೆಯದೋ? ಯಾವುದನ್ನು ಹಾಕಿಸಿಕೊಂಡರೆ ಬೇಗ ನಡೆಯಬಹುದು?

ಮೊಣಕಾಲಿನ ಮೇಲೆ ಚೂರಾಗಿರುವ ತೊಡೆ ಮೂಳೆ, ನಾಲ್ಕು ದಿನದಲ್ಲಿ ಶಸ್ತ್ರಚಿಕಿತ್ಸೆ, ಬೇಗ ಎದ್ದು ಓಡಾಡುವ ಆತುರ. ನೀವು ಬರೆದದ್ದನ್ನು ಓದುತ್ತ ನನ್ನದೇ ಹಳೆಯ ಚೀಟಿಗಳನ್ನು ತೆಗೆದು ನೋಡಿದಂತಾಯಿತು. ನಾನೂ ವೈದ್ಯರನ್ನು ಕೇಳಿದ್ದು ಇದೊಂದನ್ನೇ. ಅವರು ಟೈಟಾನಿಯಂ ಪ್ಲೇಟ್ ಹಾಕಿದರು. ಅದು ಕಾಲಿನೊಳಗೇ ಮುರಿಯಿತು.

ಪ್ಲೇಟಿನಲ್ಲಿ ದೋಷವಿರಲಿಲ್ಲ. ಒಂದೇ ಉಸಿರಿನಲ್ಲಿ ಕೊಟ್ಟ ಎರಡು ಸೂಚನೆಗಳಲ್ಲಿ ಒಂದನ್ನು ಮಾತ್ರ ನಾನು ಕಿವಿಗೆ ಹಾಕಿಕೊಂಡಿದ್ದೆ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು, 'ಮೊಣಕಾಲನ್ನು ಇಂದಿನಿಂದಲೇ ಮಡಿಸಿ, ಚಾಚಿ. ಆದರೆ ಪಾದ ನೆಲಕ್ಕೆ ತಾಗಿದರೆ ಸಾಕು, ಭಾರ ಊರಬೇಡಿ' ಎಂದರು. ಮಡಿಸುವ ಕೆಲಸವನ್ನು ಹಟ ಹಿಡಿದು ಮಾಡಿದೆ. ಕೀಲು ಸಡಿಲವಾಯಿತು, ಹೊಲಿಗೆ ಒಣಗಿತು, ನೋವು ಹೋಯಿತು. ಇಷ್ಟು ಚೆನ್ನಾಗಿ ಮಡಿಯುವ ಕಾಲು ನನ್ನ ಭಾರ ಹೊರಲಾರದೇ ಎಂದುಕೊಂಡೆ. ಒಳಗೆ ಲೋಹವಿದೆ ಎಂಬ ಧೈರ್ಯ ಬೇರೆ. ಮೊದಲು ಮನೆಯೊಳಗೆ ಒಂದು ಊರುಗೋಲು ಬಿಟ್ಟೆ, ಆಮೇಲೆ ಎರಡನ್ನೂ ಬಿಟ್ಟೆ.

ಕೀಲಿನ ಚಲನೆ ಬೇರೆ, ಮೂಳೆಯ ಮೇಲೆ ಬೀಳುವ ಭಾರ ಬೇರೆ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಟ್ಟ ಕೈಕಾಲುಗಳ ಕೀಲುಗಳು ಬಿಗಿದು, ಸ್ನಾಯುಗಳು ಸೊರಗುತ್ತಿದ್ದವು. ಆ ಕಷ್ಟವನ್ನು ತಪ್ಪಿಸಲೆಂದೇ ಮಾರಿಸ್ ಮುಲ್ಲರ್, ಮಾರ್ಟಿನ್ ಆಲ್ಗೋವರ್ ಮೊದಲಾದ ಶಸ್ತ್ರವೈದ್ಯರು 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 'ಎಓ' ಎಂಬ ಗುಂಪು ಕಟ್ಟಿ, ಮುರಿದ ಮೂಳೆಯನ್ನು ಪ್ಲೇಟು, ಸ್ಕ್ರೂಗಳಿಂದ ಹಿಡಿದಿಡುವ ವಿಧಾನಕ್ಕೆ ಶಿಸ್ತು ತಂದರು. ಬೇಗ ಅಲುಗಾಡಿಸಿ ಎಂಬುದು ಅವರ ಮುಖ್ಯ ಮಾತಾಗಿತ್ತು. ಅದು ಕೀಲಿಗೆ ಹೇಳಿದ ಮಾತು. ಅದನ್ನು ನಡೆಯಲು ಸಿಕ್ಕ ಅನುಮತಿ ಎಂದು ತಿಳಿದದ್ದು ನಾನು.

ಇನ್ನು ನೋವು. ತುಂಡುಗಳು ಒಂದಕ್ಕೊಂದು ಉಜ್ಜದಂತೆ ಪ್ಲೇಟ್ ಹಿಡಿದಿರುವುದರಿಂದ ನೋವು ಬೇಗ ಇಳಿಯುತ್ತದೆ. ಹಾಗಾಗಿ ನೋವಿಲ್ಲ ಎಂದರೆ ಪ್ಲೇಟ್ ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಮೂಳೆ ಕೂಡಿಕೊಂಡಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ತೊಡೆ ಮೂಳೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಚೂರಾದ ಜಾಗದಲ್ಲಿ ಭಾರವನ್ನು ಕೆಳಕ್ಕೆ ಸಾಗಿಸಲು ಮೂಳೆಯೇ ಇರುವುದಿಲ್ಲ, ಎಲ್ಲವೂ ಪಕ್ಕದಲ್ಲಿರುವ ಪ್ಲೇಟಿನ ಮೇಲೆ ಬೀಳುತ್ತದೆ. ಪ್ರತಿ ಹೆಜ್ಜೆಗೂ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಒಂದು ಹೊತ್ತಿನಲ್ಲಿ ತುಂಡಾಗುವಂತೆ, ಯಾವ ಲೋಹವಾದರೂ ದಣಿಯುತ್ತದೆ. ಮೂಳೆ ಮೊದಲು ಕೂಡಬೇಕು, ಇಲ್ಲವಾದರೆ ಲೋಹ ಮೊದಲು ಸೋಲುತ್ತದೆ.

ಸಂಜೆ ಹೊತ್ತಿಗೆ ತೊಡೆಯ ಆಳದಲ್ಲಿ ಮಂದವಾದ ನೋವು ಶುರುವಾಗಿತ್ತು. ವ್ಯಾಯಾಮದ ನೋವು ಎಂದು ಸುಮ್ಮನಾದೆ. ಕೊನೆಗೆ ಎಕ್ಸ್-ರೇಯಲ್ಲಿ ಕಂಡದ್ದು ಇದು: ಮುರಿತದ ಎದುರಿಗೇ ಸ್ಕ್ರೂ ಹಾಕದೆ ಬಿಟ್ಟಿದ್ದ ರಂಧ್ರ, ಅದರ ಎರಡೂ ಬದಿಯ ಬಿಳಿ ಲೋಹವನ್ನು ಸೀಳಿದ ತೆಳುವಾದ ಕಪ್ಪು ಗೆರೆ, ಅಲ್ಲಿಂದ ಕೆಳಗೆ ಕೊಂಚ ವಾಲಿದ ಮೂಳೆ. ಮತ್ತೆ ಶಸ್ತ್ರಚಿಕಿತ್ಸೆ ಮಾಡಿ, ಮುರಿದ ಪ್ಲೇಟ್ ತೆಗೆದು, ಸೊಂಟದ ಮೂಳೆಯ ಅಂಚಿನಿಂದ ಮೂಳೆಯನ್ನು ಕೆರೆದು ತಂದು ತುಂಬಿ, ಇನ್ನೂ ಉದ್ದದ ಪ್ಲೇಟ್ ಹಾಕಿದರು. ತೊಡೆಗಿಂತ ಸೊಂಟದ ಆ ಗಾಯವೇ ನನ್ನನ್ನು ಹೆಚ್ಚು ದಿನ ಕಾಡಿತು.

ಈಗ ನಿಮ್ಮ ಪ್ರಶ್ನೆ. ಅದು ತಪ್ಪು ಜಾಗದಿಂದ ಶುರುವಾಗಿದೆ ಎಂದೇ ನನ್ನ ಅಭಿಪ್ರಾಯ. ಟೈಟಾನಿಯಂ ಮಿಶ್ರಲೋಹದ ಬಿಗುವು ಸ್ಟೀಲಿನ ಸುಮಾರು ಅರ್ಧದಷ್ಟು. ಹಾಗಿದ್ದೂ ಅದು ಮೂಳೆಗಿಂತ ಹಲವು ಪಟ್ಟು ಬಿಗಿ. ಚೂರಾದ ಮೂಳೆಗೆ ಬಹಳ ಬಿಗಿಯೂ ಒಳ್ಳೆಯದಲ್ಲ: ಅತ್ಯಲ್ಪ ಅಲುಗಾಟವಿದ್ದರೇ ಮುರಿದಲ್ಲಿ ಹೊಸ ಮೂಳೆಯ ಗಂಟು, ಅಂದರೆ ಕ್ಯಾಲಸ್, ಬೆಳೆಯುತ್ತದೆ. ನಿಕಲ್ ಅಲರ್ಜಿ ಇದ್ದರೆ ಈಗಲೇ ಹೇಳಿ, ಏಕೆಂದರೆ ಸ್ಟೀಲಿನಲ್ಲಿ ನಿಕಲ್ ಇರುತ್ತದೆ. ಉಳಿದದ್ದನ್ನು ಶಸ್ತ್ರವೈದ್ಯರಿಗೆ ಬಿಡಿ. ನಿಮ್ಮ ಪರಿಚಿತರು ತೊಡೆಗೆ ರಾಡ್ ಹಾಕಿಸಿಕೊಂಡು ಬೇಗ ನಡೆದರು ಎಂದಿದ್ದೀರಿ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್ಷರ್ 1940ರಲ್ಲಿ ವೈದ್ಯಲೋಕದ ಮುಂದಿಟ್ಟ ಆ ವಿಧಾನದಲ್ಲಿ ರಾಡ್ ಮಜ್ಜೆಯ ನಾಳದೊಳಗೆ, ಭಾರ ಇಳಿಯುವ ದಾರಿಯಲ್ಲೇ ಕೂರುತ್ತದೆ. ತೊಡೆಯ ನಡುವಿನ ಸರಳ ಮುರಿತಕ್ಕೆ ಅದು ಸಿಕ್ಕರೆ ಎಷ್ಟೋ ಜನರಿಗೆ ಬೇಗನೆ ಕಾಲೂರಲು ಬಿಡುತ್ತಾರೆ. ನಿಮ್ಮ ಮುರಿತ ಆ ಜಾತಿಯದಲ್ಲ.

ವೈದ್ಯರನ್ನು ಕೇಳಬೇಕಾದದ್ದು: ಎಷ್ಟು ಭಾರ, ಯಾವಾಗಿನಿಂದ? ಉತ್ತರವನ್ನು ಬರೆಸಿಕೊಳ್ಳಿ. ಮನೆಯಲ್ಲಿ ತೂಕದ ಯಂತ್ರದ ಮೇಲೆ ಪಾದವಿಟ್ಟು ಅಷ್ಟೇ ಭಾರ ಹಾಕುವುದನ್ನು ಅಭ್ಯಾಸ ಮಾಡಿ, ಅಂದಾಜು ಬೇಡ. ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್-ರೇ ತೆಗೆದಾಗ ಮೂಳೆಯ ನಾಲ್ಕು ಅಂಚುಗಳು ಕಾಣುತ್ತವೆ. ಕನಿಷ್ಠ ಮೂರರಲ್ಲಿ ಹೊಸ ಮೂಳೆ ಸೇತುವೆ ಕಟ್ಟಿದೆಯೇ ಎಂದು ವೈದ್ಯರು ನೋಡುತ್ತಾರೆ. ಊರುಗೋಲು ಬಿಡುವ ಮಾತು ಆಮೇಲೆ. ಧೂಮಪಾನ ಮಾಡುವವರಾದರೆ ಇಂದೇ ನಿಲ್ಲಿಸಿ, ಅದು ಮೂಳೆ ಕೂಡುವುದನ್ನು ತಡ ಮಾಡುತ್ತದೆ. ನೋವು ಪೂರ್ತಿ ಹೋದ ಮೇಲೆ ಕಾಲೂರಿದಾಗ ಹೊಸದಾಗಿ ನೋವು ಕಾಣಿಸಿಕೊಂಡರೆ, ಜ್ವರ ಬಂದರೆ, ಗಾಯದಿಂದ ಒಸರಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ತೋರಿಸಿ.